ಪಟ್ಟಿ ತೆಗೆದ ಮೇಲೆ ಕ್ಲಾಸಿಗೆ ಜನ ಬಂದರು

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿಕಾಂ ಮಕ್ಕಳಿಗೆ ಸ್ಟಾಟಿಸ್ಟಿಕ್ಸ್ ಕಲಿಸುತ್ತೇನೆ. ಕಾಲೇಜಿನ ಹೆಸರು ಬೇಡ. ಮುಂದೆ ಹೇಳುವುದರಲ್ಲಿ ಅರ್ಧ ನನ್ನದೇ ಎಡವಟ್ಟು.

ಕೆಲವು ವರ್ಷದ ಹಿಂದೆ, ಮೊದಲ ಇಂಟರ್ನಲ್ ಆದ ಮೇಲೆ ಕಡಿಮೆ ಅಂಕ ಬಂದವರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿದೆ. ‘ಕೆಳಗಿನವರು ಬುಧವಾರ 3.30ಕ್ಕೆ ರೆಮಿಡಿಯಲ್ ಕ್ಲಾಸಿಗೆ ಕಡ್ಡಾಯವಾಗಿ ಬರಬೇಕು.’ ಮೊದಲ ಬುಧವಾರ ಹನ್ನೊಂದು ಮಂದಿ ಬಂದರು. ಮರುವಾರ ಐದು. ಮೂರನೇ ವಾರ ಒಬ್ಬನೇ, ಅವನೂ ಬಸ್ಸು ತಪ್ಪಿದ್ದಕ್ಕೆ ಬಂದವನು.

ಅಹಂಕಾರ ಅಂದುಕೊಂಡೆ. ಆಮೇಲೆ ಒಂದು ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ಮೆಲ್ಲನೆ ಕೇಳಿದರೆ, "ಟೀಚರೇ, ಆ ಬೋರ್ಡಿನ ಎದುರು ನಿಂತು ಎಲ್ಲರೂ ನಮ್ಮ ಹೆಸರು ಓದಿ ಆಗಿದೆ. ಮತ್ತೆ ಅಲ್ಲಿಗೆ ಹೋಗುದು ಹೇಗೆ?" ಅಂದಳು. ಕ್ಲಾಸಿಗೆ ಅಷ್ಟರಲ್ಲೇ ಅಡ್ಡಹೆಸರೂ ಬಿದ್ದಿತ್ತು, ‘ಮಂಡನ್ ಬ್ಯಾಚ್’. ಮಲಯಾಳದಲ್ಲಿ ಮಂಡನ್ ಅಂದರೆ ದಡ್ಡ. ಬಂದ ಕೆಲವರಿಗಾದರೂ ನಾನು ಕೊಟ್ಟದ್ದೇನು? ಬೆಳಿಗ್ಗೆ ಮಾಡಿದ ಪಾಠವನ್ನೇ ಸ್ವಲ್ಪ ನಿಧಾನ, ಸ್ವಲ್ಪ ಜೋರು. ಅರ್ಥವಾಗದ್ದನ್ನು ದೊಡ್ಡ ದನಿಯಲ್ಲಿ ಹೇಳಿದರೆ ಅರ್ಥವಾಗುತ್ತದಾ!

ಕೇರಳದ ಸರಕಾರಿ, ಏಡೆಡ್ ಕಾಲೇಜುಗಳಲ್ಲಿ ಸ್ಕಾಲರ್ ಸಪೋರ್ಟ್ ಪ್ರೋಗ್ರಾಂ ಅಂತ ಒಂದಿದೆ, ಎಸ್‌ಎಸ್‌ಪಿ ಅನ್ನುತ್ತೇವೆ. ಓದಿನಲ್ಲಿ ಹಿಂದೆ ಬಿದ್ದವರಿಗೆ ಹೆಚ್ಚಿನ ತರಗತಿ ಕೊಡುವುದು. ಮುಂದಿರುವವರಿಗೆ ‘ವಾಕ್ ವಿತ್ ಎ ಸ್ಕಾಲರ್’ ಬೇರೆ. ಇಂಥದ್ದೆಲ್ಲ ಬೇಕೇ ಬೇಕು. ಆದರೆ ಬೋರ್ಡಿಗೆ ಪಟ್ಟಿ ಅಂಟಿಸಿದ ಬುದ್ಧಿ ಮಾತ್ರ ನನ್ನದು.

ಬೇರೆ ಕಡೆ ಏನು ಮಾಡುತ್ತಾರೆ ಅಂತ ಹುಡುಕುವಾಗ ಸಿಕ್ಕಿದ್ದು ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಅನ್ನುವವರು ಶುರು ಮಾಡಿದ್ದು. ಮೊದಲು ಮೆಡಿಕಲ್, ಡೆಂಟಲ್, ಫಾರ್ಮಸಿ ಮಕ್ಕಳಿಗಿತ್ತು, ಆಮೇಲೆ ಬೇರೆ ವಿಷಯಗಳಿಗೂ, ಬೇರೆ ದೇಶಗಳಿಗೂ ಹೋಯಿತು. ಆಸ್ಟ್ರೇಲಿಯಾದಲ್ಲಿ ಅದನ್ನೇ ‘ಪಾಸ್’ ಅನ್ನುತ್ತಾರೆ. ನನ್ನ ತಲೆಗೆ ಹೊಕ್ಕಿದ್ದು ಅದರ ಒಂದೇ ಒಂದು ಮಾತು: ಕಷ್ಟಪಡುವ ವಿದ್ಯಾರ್ಥಿ ಯಾರು ಅಂತ ಹುಡುಕಬೇಡಿ, ಕಷ್ಟದ ಕೋರ್ಸ್ ಯಾವುದು ಅಂತ ಹುಡುಕಿ. ನೂರರಲ್ಲಿ ಸುಮಾರು 30 ಮಂದಿ, ಇಲ್ಲವೇ ಅದಕ್ಕಿಂತ ಜಾಸ್ತಿ, ತೀರಾ ಕಡಿಮೆ ಗ್ರೇಡ್ ಪಡೆದರೆ, ಫೇಲಾದರೆ ಅಥವಾ ಮಧ್ಯದಲ್ಲೇ ಬಿಟ್ಟರೆ ಅದು ಕಷ್ಟದ ಕೋರ್ಸ್. ಸಹಾಯ ಆ ಕೋರ್ಸಿಗೆ. ಯಾರು ಬೇಕಾದರೂ ಬರಬಹುದು, ಕಡ್ಡಾಯ ಇಲ್ಲ. ನಡೆಸುವುದು ಮೇಷ್ಟ್ರಲ್ಲ, ಅದೇ ಕೋರ್ಸನ್ನು ಚೆನ್ನಾಗಿ ಮುಗಿಸಿದ ಒಬ್ಬ ಸೀನಿಯರ್. ಆ ಸೀನಿಯರ್ ಮತ್ತೆ ಅದೇ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯಬೇಕು.

ನಮ್ಮ ಹಳೇ ರಿಸಲ್ಟ್ ಶೀಟುಗಳನ್ನು ತೆಗೆದು ನೋಡಿದೆ. ಕಷ್ಟದ ಕೋರ್ಸ್ ಅನ್ನುವ ಪರೀಕ್ಷೆಯಲ್ಲಿ ನನ್ನ ಪೇಪರ್ ಫಸ್ಟ್ ಕ್ಲಾಸಲ್ಲಿ ಪಾಸು!

ಇಲ್ಲಿಯವರಲ್ಲದವರಿಗೆ ಒಂದು ವಿಷಯ ಹೇಳಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ಎಷ್ಟೋ ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ. ಪ್ಲಸ್ ಟುವಿಗೆ ಹೋದಾಗ ಪುಸ್ತಕ ಇಂಗ್ಲಿಷು, ವಿವರಣೆ ಹೆಚ್ಚಾಗಿ ಮಲಯಾಳ. ‘ಸಂಭವನೀಯತೆ’ ಅಂತ ಕಲಿತದ್ದು ಏಕಾಏಕಿ ‘ಪ್ರಾಬಬಿಲಿಟಿ’ ಆಗುತ್ತದೆ. ಎರಡೂ ಒಂದೇ ಅಂತ ಯಾರೂ ಹೇಳಿರುವುದಿಲ್ಲ. ಡಿಗ್ರಿಗೆ ಬಂದಾಗ ಅದೇ ಗೊಂದಲ ಮೂರು ಪಟ್ಟು.

ಮುಳ್ಳೇರಿಯ ಕಡೆಯ ಒಬ್ಬ ಹುಡುಗಿ ಮೂರನೇ ವರ್ಷದಲ್ಲಿದ್ದಳು. ಮೊದಲ ಸಲ ನನ್ನ ಪೇಪರಲ್ಲಿ ಸಪ್ಲಿ ಬಂದು, ಮತ್ತೆ ಬರೆದು ಒಳ್ಳೆ ಗ್ರೇಡ್ ತೆಗೆದವಳು. ಅಮೆರಿಕದ ಲೆಕ್ಕದಲ್ಲಿ ಮೊದಲೇ ಚೆನ್ನಾಗಿ ಪಾಸಾದವರು ಬೇಕು, ನನಗೆ ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಗೊತ್ತಿರುವವಳು ಬೇಕಿತ್ತು. ಕ್ಲಾಸು ನಡೆಸಲು ಇವಳನ್ನೇ ಕೇಳಿದೆ. ಅಮೆರಿಕದಲ್ಲಿ ಹೀಗೆ ನಡೆಸುವ ಸೀನಿಯರ್‌ಗಳಿಗೆ ಸಂಬಳ ಇದೆ. ನಮ್ಮಲ್ಲಿ ದುಡ್ಡಿಲ್ಲ. ನನ್ನ ಕೈಯಿಂದ ಬಸ್ಸಿನ ಖರ್ಚು, ಕ್ಯಾಂಟೀನಿನಲ್ಲಿ ಚಹಾ, ಗೋಳಿಬಜೆ. ಕೊನೆಗೊಂದು ಸರ್ಟಿಫಿಕೇಟ್. ಇದು ಸರಿ ಅಂತ ನಾನು ಹೇಳುವುದಿಲ್ಲ. ಕೆಲಸ ಮಾಡಿಸಿಕೊಂಡರೆ ಕೂಲಿ ಕೊಡಬೇಕು.

ಅವಳು ಹಿಂದಿನ ಬೆಂಚಲ್ಲಿ ಕೂತು ನೋಟ್ಸ್ ಬರೆಯಲು ಶುರು ಮಾಡಿದಳು. ಎರಡನೇ ದಿನವೇ ಹೇಳಿದಳು, "ಟೀಚರೇ, ನೀವು ಬೋರ್ಡ್ ಒರೆಸುದು ಭಾರೀ ಬೇಗ." ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಹೊತ್ತು ಬದಲಿಸಿದೆವು. 3.30 ಆದ ಮೇಲೆ ಯಾರ ಮನಸ್ಸೂ ಕ್ಲಾಸಲ್ಲಿ ಇರುವುದಿಲ್ಲ, ಬಸ್ ಸ್ಟ್ಯಾಂಡಲ್ಲಿರುತ್ತದೆ. ಒಳಗಿನ ಊರಿಗೆ ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಹಾಗಾಗಿ ಸೋಮವಾರ, ಗುರುವಾರ ಮಧ್ಯಾಹ್ನ, ಬುತ್ತಿ ತಂದು ಉಣ್ಣುತ್ತಲೇ ಕೂರುವುದು. ಶುಕ್ರವಾರ ಜುಮ್ಮಾ ಇರುವುದರಿಂದ ಆ ದಿನ ಬಿಟ್ಟೆವು. ಪಟ್ಟಿ ಇಲ್ಲ, ಹಾಜರಿ ಇಲ್ಲ. ‘ಸ್ಟಾಟಿಸ್ಟಿಕ್ಸ್ ಊಟ’ ಅಂತ ಮಕ್ಕಳೇ ಹೆಸರಿಟ್ಟರು.

ಮೊದಲ ತಿಂಗಳ ಒಂದು ಗುರುವಾರ ನಾನು ಮರೆಯುವುದಿಲ್ಲ. ಮೂರು ನಾಣ್ಯ ಚಿಮ್ಮಿದರೆ ‘ಅಟ್ ಲೀಸ್ಟ್’ ಎರಡು ಹೆಡ್ ಬೀಳುವ ಸಂಭವ ಎಷ್ಟು? ಕೆಲವರದ್ದು 3/8. ಒಬ್ಬ ಹುಡುಗನದ್ದು 7/8. ನನ್ನ ಕೈಗೆ ಆ ಪೇಪರ್ ಬಂದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಅವಳು ಹಾಗೆ ಮಾಡಲಿಲ್ಲ. "ಅಟ್ ಲೀಸ್ಟ್ ಅಂದ್ರೆ ಎಂತ?" ಅಂತ ಕೇಳಿ ಸುಮ್ಮನೆ ಕೂತಳು. ಯಾರೂ ಮಾತಾಡಲಿಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೆ, ಉತ್ತರ ನನ್ನ ನಾಲಿಗೆಯ ತುದಿಯಲ್ಲಿ. ಅವಳು ಮೊಸರನ್ನ ತಿನ್ನುತ್ತಾ ಕಾದಳು.

ಕೊನೆಗೆ ಆ 7/8ರ ಹುಡುಗ, "ಲೀಸ್ಟ್ ಅಂದ್ರೆ ಕಮ್ಮಿ ಅಲ್ವಾ ಅಕ್ಕ? ಎರಡು ಅಥವಾ ಅದಕ್ಕಿಂತ ಕಮ್ಮಿ" ಅಂದ.

ನೋಡಿ ಈಗ. ಎಂಟು ಸಾಧ್ಯತೆಗಳಲ್ಲಿ ಮೂರೂ ಹೆಡ್ ಆಗುವುದು ಒಂದೇ. ಅದನ್ನು ಬಿಟ್ಟರೆ ಏಳು. ಅವನು ಅಂದುಕೊಂಡ ಪ್ರಶ್ನೆಗೆ 7/8 ನೂರಕ್ಕೆ ನೂರು ಸರಿ! 3/8 ಬರೆದವರು ಸರಿಯಾಗಿ ಎರಡೇ ಹೆಡ್ ಲೆಕ್ಕ ಹಾಕಿದ್ದರು, ಅದೂ ಸರಿಯೇ. ಯಾರಿಗೂ ಲೆಕ್ಕ ತಪ್ಪಿರಲಿಲ್ಲ, ಇಂಗ್ಲಿಷಿನ ಎರಡು ಶಬ್ದ ತಪ್ಪಿತ್ತು. ಆಗ ಇನ್ನೊಬ್ಬಳು ಹೇಳಿದಳು, "ಜೀಪು ಹೊರಡ್ಲಿಕ್ಕೆ ಕನಿಷ್ಠ ಎಂಟು ಜನ ಬೇಕು ಹೇಳಿದ್ರೆ, ಒಂಬತ್ತು ಬಂದ್ರೂ ಹೊರಡ್ತದಲ್ಲಾ, ಅದೇ." ಮುಗಿಯಿತು. ಎರಡು ಹೆಡ್ ಮೂರು ಬಗೆ, ಮೂರು ಹೆಡ್ ಒಂದು ಬಗೆ, ನಾಲ್ಕು, 4/8. ಇದನ್ನು ನಾನು ವರ್ಷಗಟ್ಟಲೆ ಬೋರ್ಡಿನಲ್ಲಿ ಬರೆದಿದ್ದೇನೆ, ಜೀಪು ಮಾತ್ರ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಸ್ಟ್ಯಾಂಡರ್ಡ್ ಡೀವಿಯೇಷನ್ ಪಾಠ ಬಂದದ್ದು ಆಟಿ (ಆಷಾಢ) ತಿಂಗಳಲ್ಲಿ. ಯಾರೋ ಮನೆಯಿಂದ ಚೆನ್ನೆಮಣೆ (ಅಳಗುಳಿ ಮಣೆ) ಹೊತ್ತು ತಂದಿದ್ದರು. ಹದಿನಾಲ್ಕು ಗುಳಿ, ಒಂದೊಂದರಲ್ಲಿ ನಾಲ್ಕು ಕಾಯಿ, ಒಟ್ಟು 56. ಸರಾಸರಿ ನಾಲ್ಕು, ಹರವು ಸೊನ್ನೆ. ಈಗ ಒಂದು ಗುಳಿಯ ನಾಲ್ಕು ಕಾಯಿ ಎತ್ತಿ ಮುಂದಿನ ನಾಲ್ಕು ಗುಳಿಗೆ ಒಂದೊಂದು ಹಾಕಿ. ಒಂದು ಖಾಲಿ, ನಾಲ್ಕರಲ್ಲಿ ಐದೈದು, ಉಳಿದ ಒಂಬತ್ತು ಹಾಗೇ. ಸರಾಸರಿ ಈಗಲೂ ನಾಲ್ಕೇ. ಆದರೆ ಮಣೆ ಮೊದಲಿನ ಹಾಗಿಲ್ಲ, ಅಲ್ವಾ? ಆ ‘ಹಾಗಿಲ್ಲ’ ಅನ್ನುವುದನ್ನು ಅಳೆಯುವುದೇ ಡೀವಿಯೇಷನ್. ಖಾಲಿ ಗುಳಿಯದ್ದು ನಾಲ್ಕು ಕಮ್ಮಿ, ವರ್ಗ 16. ಐದಿರುವ ನಾಲ್ಕು ಗುಳಿಗಳದ್ದು ಒಂದೊಂದು ಜಾಸ್ತಿ, ವರ್ಗ ಸೇರಿ 4. ಒಟ್ಟು 20, ಹದಿನಾಲ್ಕರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.2. ವರ್ಗ ಯಾಕೆ ಮಾಡಬೇಕು ಅಂತ ಒಬ್ಬಳು ಕೇಳಿದಾಗ, ವರ್ಗ ಮಾಡದೆ ಸುಮ್ನೆ ಕೂಡಿ ನೋಡು ಅಂತ ಉಳಿದವರು ಅಂದರು. ಕೂಡಿದಳು, ಸೊನ್ನೆ ಬಂತು, ತಾನೇ ನಕ್ಕಳು.

ಒಂದು ದಿನ ತಡೆಯಲಾಗದೆ ಒಳಗೆ ಹೋಗಿ ಚಾಕ್ ಹಿಡಿದೆ. ತಕ್ಷಣ ಎಲ್ಲರೂ ಬುತ್ತಿ ಮುಚ್ಚಿ ನೋಟ್ ಬುಕ್ ತೆಗೆದರು. ಒಂದೂ ಪ್ರಶ್ನೆ ಇಲ್ಲ. ಆಮೇಲೆ ನಾನು ಒಳಗೆ ಹೋಗಲಿಲ್ಲ. ಅಧ್ಯಾಪಕರಿಗೆ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು.

ಎಲ್ಲ ಚೆನ್ನಾಗಿಯೇ ಆಯಿತು ಅಂತ ಅಲ್ಲ. ಚೆನ್ನಾಗಿ ಓದುವವರೂ ಬಂದರು, ಅದು ನನಗೆ ಒಳ್ಳೆಯದೇ ಅನ್ನಿಸಿತು, ಯಾಕೆಂದರೆ ಅವರು ಬಂದ ಮೇಲೆ ‘ಮಂಡನ್’ ಮಾತು ನಿಂತಿತು. ಆದರೆ ತೀರಾ ಹಿಂದೆ ಬಿದ್ದ ಕೆಲವರು ಕೊನೆಗೂ ಬರಲಿಲ್ಲ. ಒಬ್ಬ ರಾತ್ರಿ ಕೇಟರಿಂಗಿಗೆ ಹೋಗುತ್ತಿದ್ದ. ಹಗಲು ಕಾಲೇಜಿಗೆ ಬಂದರೆ ಅದೇ ದೊಡ್ಡದು. ಅವನಿಗೆ ಬೇಕಾದದ್ದು ನಿದ್ದೆ. ಇನ್ನು, ಬಂದವರಲ್ಲಿ ಹೆಚ್ಚಿನವರು ಪಾಸಾದರು ಅಂತ ನಾನು ಕುಣಿಯುವ ಹಾಗಿಲ್ಲ. ತಾವಾಗಿ ಬಂದವರಿಗೆ ಪಾಸಾಗುವ ಹಟ ಮೊದಲೇ ಇತ್ತೇನೋ. ಸ್ಟಾಟಿಸ್ಟಿಕ್ಸ್ ಕಲಿಸುವವಳೇ ಅದನ್ನು ಮರೆತರೆ ಹೇಗೆ? ನಾನು ಕಣ್ಣಾರೆ ಕಂಡದ್ದು ಇಷ್ಟು: ಮೊದಲು ಖಾಲಿ ಬಿಡುತ್ತಿದ್ದ ಪುಟಗಳಲ್ಲಿ ಈಗ ಏನಾದರೂ ಬರೆದಿರುತ್ತದೆ. ತಪ್ಪಾಗಿದ್ದರೂ ಎಲ್ಲಿ ತಪ್ಪಿದ್ದಾರೆ ಅಂತ ತಿಳಿಯುತ್ತದೆ.

ಆ ಹುಡುಗಿ ಡಿಗ್ರಿ ಮುಗಿಸಿ ಹೋಗುವಾಗ ಒಂದು ಇನ್ನೂರು ಪುಟದ ನೋಟ್ ಬುಕ್ ಬಿಟ್ಟುಹೋದಳು. ಕೊನೆಯ ನಾಲ್ಕು ಪುಟದಲ್ಲಿ ಬರೀ ಶಬ್ದಗಳು. ಅಟ್ ಲೀಸ್ಟ್, ಅಟ್ ಮೋಸ್ಟ್, ನಾಟ್ ಎಕ್ಸೀಡಿಂಗ್, ಲೆಸ್ ದ್ಯಾನ್, ಒಂದೊಂದರ ಎದುರು ಕನ್ನಡದಲ್ಲಿ ಒಂದು ವಾಕ್ಯ, ಕೆಳಗೆ ಮಲಯಾಳದಲ್ಲಿ ಒಂದು. ನಾನು ಪ್ರತಿ ತೆಗೆಸಲು ಕೊಟ್ಟಿದ್ದೆ, ಜೆರಾಕ್ಸ್ ಅಂಗಡಿಯವರು ಒಂದು ತಮಗೂ ಇಟ್ಟುಕೊಂಡರು. ಈಗ ಅಲ್ಲಿ ಹೋಗಿ ಹೆಸರು ಹೇಳಬೇಕಾಗಿಲ್ಲ, ‘ಜೀಪ್ ನೋಟ್ಸ್’ ಅಂದರೆ ತೆಗೆದು ಕೊಡುತ್ತಾರೆ.