ಕಾಸರಗೋಡಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಲು

ಕನ್ನಡ ಎಂ.ಎ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ, ಜೊತೆಗೆ ಸಾಮಾನ್ಯವಾಗಿ ಯುಜಿಸಿ ನೆಟ್ (ಕಾಲೇಜು ಅಧ್ಯಾಪಕರಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕು. ಸರ್ಕಾರಿ ಕಾಲೇಜುಗಳಿಗೆ ನೇಮಕ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ. ಅಧಿಸೂಚನೆಗೆ ಕಾಯುವಾಗ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಪಿಎಚ್‌.ಡಿ.ಯನ್ನು ಮುಂದೂಡಬೇಡಿ, ಪ್ರಾಧ್ಯಾಪಕ ಬಡ್ತಿಗೆ ಅದು ಕಡ್ಡಾಯ.

ಮಲಯಾಳ ಓದಲು, ಬರೆಯಲು ಕಲಿಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಡೀನ್ ಆದ ಮೇಲೆ ನನ್ನ ಮೇಜಿಗೆ ಬರುವ ಸುತ್ತೋಲೆಗಳಲ್ಲಿ ಹೆಚ್ಚಿನವು ಆ ಭಾಷೆಯವು. ಕನ್ನಡದ ತೆರವಾದ ಹುದ್ದೆಗಾಗಿ ವಾದಿಸುವುದೂ ಅದರಲ್ಲೇ. ನೀವು ಸೇರಿದ ವಿಭಾಗದಲ್ಲಿ ಹುದ್ದೆ ತೆರವಾದ ಕೂಡಲೇ ಅದನ್ನು ತುಂಬುವಂತೆ ಪತ್ರ ಬರೆಯಿರಿ, ವಾರದ ಪಾಠದ ಅವಧಿಗಳ ಪಟ್ಟಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ.

ಆಡಳಿತ ಎಷ್ಟಿದ್ದರೂ ಪ್ರಥಮ ವರ್ಷದ ತರಗತಿಯನ್ನು ಮಾತ್ರ ಬಿಡಬೇಡಿ. ನನಗಂತೂ ಅದೇ ಜೀವಾಳ. ಬದಿಯಡ್ಕ, ಪೆರ್ಲದ ಕಡೆಯ ಮಕ್ಕಳ ಮನೆಮಾತು ತುಳುವೋ ಹವ್ಯಕವೋ ಮರಾಠಿಯೋ ಆಗಿರುತ್ತದೆ. ಮೊದಲು ಅಜ್ಜಿಯಿಂದ ಕೇಳಿದ ಒಂದು ಪಾಡ್ದನವನ್ನೋ (ತುಳುವಿನ ಜನಪದ ಕಥನಗೀತೆ) ಕಥೆಯನ್ನೋ ಬರೆದು ತರಲು ಹೇಳಿ, ಹಳಗನ್ನಡಕ್ಕೆ ಆಮೇಲೆ ಬನ್ನಿ.