ಹಳೆಯ ಕಂಪ್ಯೂಟರಿನಲ್ಲೂ ಗೇಮ್ ಓಡಬೇಕೆ? ‘ಕನಿಷ್ಠ ಅಗತ್ಯ’ವನ್ನು ನಿಗದಿ ಮಾಡುವ ಬಗೆ

ಕಂಪ್ಯೂಟರ್ ಗೇಮ್‌ಗಳ ಮಾರಾಟದ ಪುಟದಲ್ಲಿ ‘ಕನಿಷ್ಠ’ ಮತ್ತು ‘ಶಿಫಾರಸು’ ಎಂಬ ಎರಡು ಪಟ್ಟಿಗಳಿರುತ್ತವೆ. ಸಣ್ಣ ತಂಡಗಳು ಇವನ್ನು ಸಾಮಾನ್ಯವಾಗಿ ಬಿಡುಗಡೆಯ ಹೊತ್ತಿಗೆ, ಕೈಯಲ್ಲಿರುವ ಯಂತ್ರವನ್ನೇ ನೋಡಿಕೊಂಡು, ಅಂದಾಜಿನಲ್ಲಿ ತುಂಬಿಬಿಡುತ್ತವೆ. ಇದು ತಲೆಕೆಳಗಾದ ಕ್ರಮ. ಎಷ್ಟು ಹಳೆಯ ಯಂತ್ರದವರೆಗೆ ಇಳಿಯಬೇಕೆಂಬುದು ಗೇಮ್ ಎಂಜಿನ್ (ಗೇಮ್ ಕಟ್ಟಲು ಬಳಸುವ ಸಿದ್ಧ ತಂತ್ರಾಂಶ) ಆರಿಸುವುದಕ್ಕೂ ಮುಂಚೆ ತೀರ್ಮಾನವಾಗಬೇಕು. ಎಂಜಿನ್ ಆರಿಸಿ ಅರ್ಧ ಕೆಲಸ ಮುಗಿದ ಮೇಲೆ ಕೆಲವು ಯಂತ್ರಗಳು ನಿಮಗೆ ಗೊತ್ತಿಲ್ಲದಂತೆಯೇ ಹೊರಗುಳಿದಿರುತ್ತವೆ.

ಒಂದು ಯಂತ್ರವನ್ನು ಹೆಸರು ಹಿಡಿದು ಆರಿಸಿ

ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಮಳಿಗೆ ಸ್ಟೀಮ್ ಪ್ರತಿ ತಿಂಗಳೂ ತನ್ನ ಬಳಕೆದಾರರ ಯಂತ್ರಾಂಶ ಸಮೀಕ್ಷೆಯನ್ನು ಪ್ರಕಟಿಸುತ್ತದೆ. 2016ರಲ್ಲಿ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಕೆಲವು ವರ್ಷಗಳ ಕಾಲ, 2022ರವರೆಗೂ, ಆ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು ಎಂಬುದನ್ನು ನೋಡಿದರೆ ಜನರು ಕಂಪ್ಯೂಟರ್ ಬದಲಿಸುವ ವೇಗ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಆದರೆ ಆ ಸಮೀಕ್ಷೆ ಇಡೀ ಜಗತ್ತಿನದು. ಯಾವ ದೇಶದಲ್ಲಿ ಯಾವ ಯಂತ್ರ ಹೆಚ್ಚೆಂದು ಅದು ಬಿಡಿಸಿ ಹೇಳುವುದಿಲ್ಲ. ಗುಂಡು ಹಾರಿಸುವ ಆಟದ ಗ್ರಾಹಕ ಮತ್ತು ಪದಬಂಧದಂಥ ಆಟದ ಗ್ರಾಹಕ ಒಂದೇ ಬಗೆಯ ಕಂಪ್ಯೂಟರ್ ಇಟ್ಟುಕೊಂಡಿರುವುದೂ ಇಲ್ಲ. ಎರಡನೆಯವರ ಕೈಯಲ್ಲಿರುವುದು ಹೆಚ್ಚಾಗಿ ಕಚೇರಿ ಕೆಲಸಕ್ಕೋ ಓದಿಗೋ ಕೊಂಡ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್.

ಆದ್ದರಿಂದ ‘ಹಳೆಯ ಕಂಪ್ಯೂಟರ್’ ಎಂಬ ಸಾಮಾನ್ಯ ಮಾತನ್ನು ಬಿಟ್ಟು ಒಂದು ನಿರ್ದಿಷ್ಟ ಯಂತ್ರವನ್ನು ಗುರಿಯಾಗಿಟ್ಟುಕೊಳ್ಳಿ. ಉದಾಹರಣೆಗೆ, 2012ರ ಇಂಟೆಲ್ ಕೋರ್ ಐ5, ಅದರೊಳಗಿನ ಎಚ್‌ಡಿ 4000 ಗ್ರಾಫಿಕ್ಸ್, 4 ಜಿಬಿ ಮೆಮೊರಿ, ಹಾರ್ಡ್ ಡಿಸ್ಕ್, 1366×768 ಪರದೆ. ಮುಂದಿನ ಮಾತೆಲ್ಲ ಈ ಯಂತ್ರವನ್ನೇ ಕುರಿತದ್ದು.

ನಿಧಾನ ಬೇರೆ, ತೆರೆಯದೇ ಇರುವುದು ಬೇರೆ

ಹಳೆಯ ಯಂತ್ರ ಎರಡು ರೀತಿಯಲ್ಲಿ ಸೋಲಬಹುದು. ಗೇಮ್ ನಿಧಾನವಾಗಿ ಓಡಿದರೆ ಆಟಗಾರ ನೆರಳು, ರೆಸಲ್ಯೂಶನ್ ಇತ್ಯಾದಿ ಇಳಿಸಿಕೊಂಡು ಹೇಗೋ ಆಡುತ್ತಾನೆ. ಗೇಮ್ ತೆರೆಯುವುದೇ ಇಲ್ಲ ಎಂದಾದರೆ ಅವನು ಮಾಡಬಹುದಾದದ್ದು ಏನೂ ಇಲ್ಲ. ಈ ಎರಡನೆಯ ಬಗೆಯ ಸೋಲಿಗೆ ಮುಖ್ಯವಾಗಿ ಮೂರು ಕಾರಣಗಳಿವೆ, ಮತ್ತು ನಿಮ್ಮ ಗಮನದ ಬಹುಪಾಲು ಇಲ್ಲಿಯೇ ಸಲ್ಲಬೇಕು.

ಮೊದಲನೆಯದು ಆಪರೇಟಿಂಗ್ ಸಿಸ್ಟಂ. 2024ರ ಜನವರಿ 1ರಿಂದ ಸ್ಟೀಮ್ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲ ನಿಲ್ಲಿಸಿರುವುದರಿಂದ, ಅಲ್ಲಿ ಮಾರುವ ಗೇಮನ್ನು ವಿಂಡೋಸ್ 10ಕ್ಕಿಂತ ಕೆಳಗಿಳಿಸಲು ಹೆಣಗುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ. ಆದರೆ ವಿಂಡೋಸ್ 10ನ್ನು ಕೈಬಿಡುವ ಅವಸರವೂ ಬೇಡ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿದ್ದರೂ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಇಲ್ಲದ ಯಂತ್ರಗಳು, ನಾವು ಆರಿಸಿಕೊಂಡ ಲ್ಯಾಪ್‌ಟಾಪೂ ಸೇರಿ, ಅಲ್ಲಿಯೇ ಉಳಿದಿವೆ.

ಎರಡನೆಯದು ಪ್ರೊಸೆಸರ್ ಬಲ್ಲ ಆದೇಶಗಳ ಗುಂಪು. ಇದು ಕಣ್ಣಿಗೆ ಬೀಳದ ಕಾರಣ ಹೆಚ್ಚು ತಂಡಗಳು ಎಡವುವುದು ಇಲ್ಲೇ. 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಬಿಡುಗಡೆಯಾದಾಗ ಎಎಂಡಿಯ ಫೆನಮ್ ಪ್ರೊಸೆಸರ್ ಇದ್ದವರಿಗೆ ಗೇಮ್ ಓಡಲಿಲ್ಲ. ಗೇಮ್ ಬಯಸುತ್ತಿದ್ದ ಎಸ್‌ಎಸ್‌ಇ 4.1 ಆದೇಶಗಳು ಆ ಪ್ರೊಸೆಸರಿನಲ್ಲಿ ಇರಲಿಲ್ಲ. ಆಮೇಲೆ ತೇಪೆ ಹಾಕಿ ಸರಿಪಡಿಸಬೇಕಾಯಿತು. ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ ಎವಿಎಕ್ಸ್ ಆದೇಶಗಳ ವಿಚಾರವಂತೂ ಇನ್ನೂ ವಿಚಿತ್ರ: 2011ರ ಕೋರ್ ಐ5ರಲ್ಲಿ ಅವು ಇವೆ, 2018ರಲ್ಲಿ ಬಂದ ಅಗ್ಗದ ಪೆಂಟಿಯಂ ಗೋಲ್ಡ್‌ನಲ್ಲಿ ಇಲ್ಲ. ಯಂತ್ರದ ವಯಸ್ಸೊಂದನ್ನೇ ನಂಬಿ ಗೆರೆ ಎಳೆದರೆ ಹೊಸ ಕಂಪ್ಯೂಟರ್ ಕೊಂಡವರೇ ಹೊರಗುಳಿಯಬಹುದು. ನಿಮ್ಮ ಕಂಪೈಲರಿನ (ಬರೆದ ಕೋಡನ್ನು ಪ್ರೊಸೆಸರಿನ ಆದೇಶಗಳಾಗಿ ಬದಲಿಸುವ ಸಾಧನದ) ಆಯ್ಕೆಗಳಲ್ಲಿ ಎವಿಎಕ್ಸ್ ಅನ್ನು ಕಡ್ಡಾಯಗೊಳಿಸಿಲ್ಲವೆಂದು ನೋಡಿಕೊಳ್ಳಿ. ಹೊರಗಿನಿಂದ ತಂದು ಸೇರಿಸಿದ ಭೌತಶಾಸ್ತ್ರ, ಧ್ವನಿ, ವಿಡಿಯೊ ಲೈಬ್ರರಿಗಳನ್ನೂ ಇದೇ ಪ್ರಶ್ನೆಯಿಟ್ಟು ಪರೀಕ್ಷಿಸಿ. ಆಟಗಾರರು ಕಳಿಸುವ ದೋಷ ವರದಿಯಲ್ಲಿ 0xC000001D ಎಂಬ ಸಂಖ್ಯೆ ಕಂಡರೆ, ಪ್ರೊಸೆಸರಿಗೆ ತಿಳಿಯದ ಆದೇಶ ಬಂದಿದೆ ಎಂದೇ ಅರ್ಥ.

ಮೂರನೆಯದು ಗ್ರಾಫಿಕ್ಸ್ ವ್ಯವಸ್ಥೆ, ಅಂದರೆ ಗೇಮ್ ಮತ್ತು ಗ್ರಾಫಿಕ್ಸ್ ಚಿಪ್ ನಡುವೆ ಮಾತಾಡಿಸುವ ಡೈರೆಕ್ಟ್‌ಎಕ್ಸ್, ಓಪನ್‌ಜಿಎಲ್, ವಲ್ಕನ್‌ನಂಥ ತಂತ್ರಾಂಶ. ನಮ್ಮ ಎಚ್‌ಡಿ 4000 ಡೈರೆಕ್ಟ್‌ಎಕ್ಸ್ 11 ಮತ್ತು ಓಪನ್‌ಜಿಎಲ್ 4.0 ಬಲ್ಲದು, ಆದರೆ ವಿಂಡೋಸ್‌ನಲ್ಲಿ ಅದಕ್ಕೆ ವಲ್ಕನ್ ಇಲ್ಲ. ಅದರ ಹಿಂದಿನ ತಲೆಮಾರಿನ ಎಚ್‌ಡಿ 3000 ಓಪನ್‌ಜಿಎಲ್ 3.1ಕ್ಕೇ ನಿಲ್ಲುತ್ತದೆ. ಇಂಥ ಗೋಡೆ ದೊಡ್ಡ ಸಂಸ್ಥೆಗಳಿಗೂ ಅಡ್ಡ ಬಂದದ್ದುಂಟು: 2023ರ ‘ಅಲನ್ ವೇಕ್ 2’ ಹೊಸ ಕಾರ್ಡುಗಳಲ್ಲಷ್ಟೇ ಇರುವ ಮೆಶ್ ಶೇಡರ್ ಎಂಬ ಸೌಲಭ್ಯವನ್ನು ನೆಚ್ಚಿಕೊಂಡಿದ್ದರಿಂದ ಜಿಟಿಎಕ್ಸ್ 10 ಸರಣಿಯ ಕಾರ್ಡುಗಳಲ್ಲಿ ಬಹಳ ಕುಂಟಿತು, 2024ರ ಮಾರ್ಚ್‌ನಲ್ಲಿ ಬಂದ ಅಪ್‌ಡೇಟ್ ಆ ಕಾರ್ಡುಗಳಲ್ಲಿ ಸಾಕಷ್ಟು ಸುಧಾರಣೆ ತಂದಿತು.

ಎಂಜಿನ್ ಆಯ್ಕೆ

ಈಗ ಎಂಜಿನ್ ಕಡೆ ನೋಡಿ. ಉಚಿತವಾಗಿ ಸಿಗುವ ಗೋಡೋ 4ರಲ್ಲಿ ಹೊಸ ಪ್ರಾಜೆಕ್ಟ್ ತೆರೆದಾಗ ಡೆಸ್ಕ್‌ಟಾಪಿಗೆಂದು ತಾನಾಗಿ ಬರುವ, ಚಿತ್ರ ಮೂಡಿಸುವ ‘ಫಾರ್ವರ್ಡ್ ಪ್ಲಸ್’ ವಿಧಾನ ವಲ್ಕನ್‌ನಂಥ ಹೊಸ ವ್ಯವಸ್ಥೆಯನ್ನು ಬಯಸುತ್ತದೆ. ‘ಕಂಪ್ಯಾಟಿಬಿಲಿಟಿ’ ವಿಧಾನವನ್ನು ಆರಿಸಿದರೆ ಓಪನ್‌ಜಿಎಲ್ 3.3 ಸಾಕು, ನಮ್ಮ ಲ್ಯಾಪ್‌ಟಾಪ್ ಒಳಗೆ ಬರುತ್ತದೆ. ಈ ಒಂದು ಆಯ್ಕೆಯನ್ನು ಮೊದಲ ದಿನವೇ ಮಾಡಿ. ಬೆಳಕು, ನೆರಳುಗಳೆಲ್ಲ ಸಿದ್ಧವಾದ ಮೇಲೆ ಬದಲಿಸಿದರೆ ಪ್ರತಿಯೊಂದು ದೃಶ್ಯವನ್ನೂ ಮತ್ತೆ ತಿದ್ದಬೇಕಾಗುತ್ತದೆ.

ಇನ್ನೂ ಹಳೆಯ ಯಂತ್ರಗಳನ್ನು ಮುಟ್ಟಬೇಕೆಂದರೆ ಓಪನ್‌ಜಿಎಲ್ 2.1ರಲ್ಲೇ ಓಡಬಲ್ಲ ಗೋಡೋ 3 ಇದೆ. ಆದರೆ ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇಲ್ಲೊಂದು ತೊಡಕು: ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಅಕ್ಷರ ವಿನ್ಯಾಸದ ವ್ಯವಸ್ಥೆ ಗೋಡೋಗೆ ಬಂದದ್ದೇ 4ನೇ ಆವೃತ್ತಿಯಲ್ಲಿ. ನನ್ನ ಅಭಿಪ್ರಾಯದಲ್ಲಿ ಕನ್ನಡದ ಪಠ್ಯವಿರುವ ಗೇಮಿಗೆ ಎಚ್‌ಡಿ 3000ನ್ನು ಬಿಟ್ಟುಕೊಡುವುದೇ ಸರಿ. ಒಡೆದ ಅಕ್ಷರಗಳನ್ನು ಓದಿಸಿಕೊಂಡು ಯಾರೂ ಖುಷಿಪಡುವುದಿಲ್ಲ.

ಯಂತ್ರ ತಂದು ಅಳೆಯಿರಿ

ಅಭಿವೃದ್ಧಿಗೆ ಬಳಸುವ ಶಕ್ತಿಶಾಲಿ ಕಂಪ್ಯೂಟರಿನಲ್ಲಿ ಒಂದಷ್ಟು ಕೋರ್‌ಗಳನ್ನು ನಿಲ್ಲಿಸಿ, ಮೆಮೊರಿ ಕಳಚಿ ನಡೆಸುವ ಪರೀಕ್ಷೆ ನಿಜವಾದ ಹಳೆಯ ಯಂತ್ರಕ್ಕೆ ಸಮನಲ್ಲ. ಹಳೆಯ ಗ್ರಾಫಿಕ್ಸ್ ಡ್ರೈವರಿನ ದೋಷಗಳು ಅಲ್ಲಿ ಹೊರಬರುವುದೇ ಇಲ್ಲ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಬಳಸಿದ ಲ್ಯಾಪ್‌ಟಾಪ್ ಸಿಗುತ್ತದೆ. ಕೊಳ್ಳುವಾಗ ಅದರೊಳಗೆ ಮೆಮೊರಿ ಒಂದೇ ಪಟ್ಟಿಯಾಗಿ (ಒಂದೇ ‘ಸ್ಟಿಕ್’ ಆಗಿ) ಇದೆಯೇ ಎಂದು ನೋಡಿ, ಇದ್ದರೆ ಹಾಗೆಯೇ ಬಿಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಮೂಡಿಸುವ ಕೆಲಸವೂ ಅದೇ ಮೆಮೊರಿಯನ್ನು ಹಂಚಿಕೊಳ್ಳುವುದರಿಂದ, ಎರಡು ಪಟ್ಟಿಗಳ ಬದಲು ಒಂದೇ ಇದ್ದಾಗ ಗೇಮ್ ಗಣನೀಯವಾಗಿ ನಿಧಾನವಾಗುತ್ತದೆ. ಅಗ್ಗದ ಲ್ಯಾಪ್‌ಟಾಪುಗಳ ವಾಸ್ತವ ಸ್ಥಿತಿ ಇದೇ.

ಅಳೆಯುವಾಗ ಸರಾಸರಿಯನ್ನು ನಂಬಬೇಡಿ. ಸೆಕೆಂಡಿಗೆ 30 ಚಿತ್ರ (ಫ್ರೇಮ್) ಬೇಕೆಂದರೆ ಪ್ರತಿ ಚಿತ್ರಕ್ಕೆ 33.3 ಮಿಲಿಸೆಕೆಂಡ್ ಅವಕಾಶವಿದೆ. ಪ್ರೆಸೆಂಟ್‌ಮಾನ್‌ನಂಥ ಉಚಿತ ಸಾಧನದಿಂದ ಅತಿ ನಿಧಾನವಾದ ಶೇ 1ರಷ್ಟು ಚಿತ್ರಗಳಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ. ಅರ್ಧ ಗಂಟೆಯಾದರೂ ಆಡಿ, ಏಕೆಂದರೆ ಲ್ಯಾಪ್‌ಟಾಪ್ ಬಿಸಿಯೇರಿದ ಮೇಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ರೆಸಲ್ಯೂಶನನ್ನು ಅರ್ಧಕ್ಕಿಳಿಸಿದರೂ ಸಮಯ ಕಡಿಮೆಯಾಗದಿದ್ದರೆ ಹೊರೆ ಬೀಳುತ್ತಿರುವುದು ಪ್ರೊಸೆಸರಿನ ಮೇಲೆ; ಆಗ ನೆರಳುಗಳನ್ನು ತೆಗೆಯುವುದಕ್ಕಿಂತ ಪರದೆಯ ಮೇಲಿನ ಪಾತ್ರಗಳ ಸಂಖ್ಯೆ, ಭೌತಶಾಸ್ತ್ರದ ಲೆಕ್ಕಾಚಾರಗಳನ್ನು ಕಡಿಮೆ ಮಾಡುವುದೇ ಪರಿಹಾರ. 1366×768ರಲ್ಲಿ ಮೆನುವಿನ ಅಕ್ಷರಗಳು ಓದಲು ಬರುತ್ತವೆಯೇ ಎಂಬುದನ್ನೂ ಮರೆಯದೆ ನೋಡಿ. ಮೊದಲ ಬಾರಿ ತೆರೆದಾಗಲೇ ಗೇಮ್ ತಾನಾಗಿ ಕಡಿಮೆ ಗುಣಮಟ್ಟವನ್ನು ಆರಿಸಿಕೊಳ್ಳುವಂತಿರಲಿ.

ಬರೆಯುವುದು, ಮುಂದೊಮ್ಮೆ ಹಿಂತೆಗೆಯುವುದು

‘2 ಗಿಗಾಹರ್ಟ್ಸ್, ಎರಡು ಕೋರ್’ ಎಂದಷ್ಟೇ ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಅದೇ ವೇಗದ 2008ರ ಪ್ರೊಸೆಸರಿಗೂ 2018ರದಕ್ಕೂ ಅಜಗಜಾಂತರವಿದೆ. ಪರೀಕ್ಷಿಸಿದ ಮಾದರಿಯ ಹೆಸರು, ಬೇಕಾದ ಡೈರೆಕ್ಟ್‌ಎಕ್ಸ್ ಅಥವಾ ಓಪನ್‌ಜಿಎಲ್ ಆವೃತ್ತಿ, ಎವಿಎಕ್ಸ್ ಅನಿವಾರ್ಯವಾಗಿದ್ದರೆ ಆ ಮಾತು, ಮತ್ತು ಯಾವ ರೆಸಲ್ಯೂಶನ್‌ನಲ್ಲಿ ಎಷ್ಟು ವೇಗ ಸಿಕ್ಕಿತೆಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಸಾಧ್ಯವಾದರೆ ಉಚಿತ ಡೆಮೊ ಕೊಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು ನಿಜ, ಆದರೆ ಡೆಮೊ ಇದ್ದರೆ ಆ ಓಡಾಟವೇ ತಪ್ಪುತ್ತದೆ.

ಬಿಡುಗಡೆಯಾದ ಕೆಲವು ವರ್ಷಗಳ ಮೇಲೆ ಎಂಜಿನ್ ಬದಲಿಸಿ ಹಳೆಯ ಯಂತ್ರಗಳನ್ನು ಕೈಬಿಡಬೇಕಾದ ಸಂದರ್ಭ ಬಂದೀತು. ‘ಸ್ಟಾರ್‌ಡ್ಯೂ ವ್ಯಾಲಿ’ 2021ರಲ್ಲಿ 1.5.5 ಆವೃತ್ತಿಯೊಂದಿಗೆ 64 ಬಿಟ್ ವ್ಯವಸ್ಥೆಗೆ ಹೊರಳಿದಾಗ, 32 ಬಿಟ್ ಯಂತ್ರಗಳಲ್ಲಿ ಆಡುತ್ತಿದ್ದವರಿಗಾಗಿ ಸ್ಟೀಮ್‌ನಲ್ಲಿ ಪ್ರತ್ಯೇಕ ಕವಲೊಂದನ್ನು (ಆರಿಸಿಕೊಳ್ಳಬಹುದಾದ ಬೇರೆ ಆವೃತ್ತಿಯನ್ನು) ಇಟ್ಟಿತು. ಅದೇ ದಾರಿ ಹಿಡಿಯಿರಿ: ಬದಲಾವಣೆಯನ್ನು ಮುಂಚಿತವಾಗಿ ತಿಳಿಸಿ, ಕೊನೆಯ ಹಳೆಯ ಆವೃತ್ತಿಯನ್ನು ಸ್ಟೀಮ್‌ನ ಬೀಟಾ ಪಟ್ಟಿಯಲ್ಲಿ ಹೆಸರಿಟ್ಟು ಉಳಿಸಿ, ಹಳೆಯ ಸೇವ್ ಕಡತಗಳು ಯಾವ ಆವೃತ್ತಿಯಲ್ಲಿ ತೆರೆಯುತ್ತವೆ ಎಂಬುದನ್ನು ಮಾರಾಟದ ಪುಟದಲ್ಲಿಯೇ ಬರೆಯಿರಿ.