ಕೇಸ್ ಇಲ್ಲದ ದಿನವೂ ಆ ಊರಿಗೆ ಹೋದೆ

ಬೀಟ್ ಪೊಲೀಸ್ ಆಗಿ ಆ ಊರಿಗೆ ಮೊದಲ ಸಲ ಹೋದಾಗ ಹನುಮಪ್ಪನ ಗುಡಿ ಕಟ್ಟೆ ಮೇಲೆ ಹತ್ತು ಹನ್ನೆರಡು ಮಂದಿ ಕೂತಿದ್ದರು. ನನ್ನನ್ನು ನೋಡಿ ಮಾತು ನಿಲ್ಲಿಸಿಬಿಟ್ಟರು. ಒಬ್ಬ ಹಿರಿಯರು ಮಾತ್ರ, "ಯಾರ ಮ್ಯಾಲ ಕೇಸ್ ಐತ್ರಿ ಸಾಹೇಬ್ರ?" ಅಂದರು. ಯಾರ ಮೇಲೂ ಇಲ್ಲ ಯಜ್ಜಾ, ಸುಮ್ನೆ ಬಂದೀನಿ ಅಂದೆ. ಯಾರೂ ನಂಬಲಿಲ್ಲ.

2017ರಲ್ಲಿ ರಾಜ್ಯದಲ್ಲಿ ಬೀಟ್ ವ್ಯವಸ್ಥೆ ಬದಲಾಯಿತು. ಠಾಣೆಯ ಪೇದೆ, ಹೆಡ್ ಕಾನ್‌ಸ್ಟೇಬಲ್‌ಗಳಿಗೆ ಊರು, ಓಣಿ ಹಂಚಿಕೊಟ್ಟರು. ಊರಿನವರನ್ನೇ ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳಬೇಕಿತ್ತು. ನನ್ನ ಪಾಲಿಗೆ ಬಂದದ್ದು ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಬದುವಿನ ಜಗಳ, ಅಣ್ತಮ್ಮಂದಿರ ಪಾಲು, ಎಲ್ಲಾ ಕಟ್ಟೆ ಮೇಲೇ ಮುಗಿಸಿಕೊಳ್ಳುತ್ತಿದ್ದರು. ಠಾಣೆ ಮೆಟ್ಟಿಲು ಹತ್ತುವುದೆಂದರೆ ಮರ್ಯಾದೆ ಹೋದಂತೆ. ಮೊದಲು ಅದನ್ನು ಸೊಕ್ಕು ಅಂದುಕೊಂಡಿದ್ದೆ, ಆದರೆ ಹಿಂದೊಮ್ಮೆ ನೀರಿಗಾಗಿ ರಸ್ತೆಗೆ ಕೂತಿದ್ದಕ್ಕೆ ಅಲ್ಲಿನ ರೈತರ ಮೇಲೆ ಕೇಸ್ ಆಗಿತ್ತು, ಬಿತ್ತನೆ ಬಿಟ್ಟು ಕೋರ್ಟ್ ತಾರೀಖಿಗೆ ಅಲೆದಿದ್ದರು ಅಂತ ತಿಳಿದ ಮೇಲೆ ನನಗೆ ಬಹಳ ಸಂಕಟವಾಯಿತು.

ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ಎತ್ತಿದಷ್ಟೂ ಕೆಳಗಿನವರ ಪಾಲು ಇಳಿಯುತ್ತದೆ. ಎರಡನೇ ಬೆಳೆ ಭತ್ತ ಕಾಳು ಕಟ್ಟುವ ಹೊತ್ತಿಗೆ ಕಾಲುವೆ ಪಕ್ಕ ನಿಷೇಧಾಜ್ಞೆ ಬರುತ್ತದೆ, ಗೇಟಿಗೆ ನಮ್ಮನ್ನು ಕಾವಲು ಹಾಕುತ್ತಾರೆ. ಊರಿನವರ ಕಣ್ಣಿಗೆ ನಾವು ಮೇಲಿನವರ ನೀರು ಕಾಯುವ ಪೊಲೀಸರು.

ಒಂದು ರಾತ್ರಿ ಎರಡು ಟ್ರ್ಯಾಕ್ಟರ್ ತುಂಬಾ ಜನ ಗೇಟಿಗೆ ಬಂದರು. ಗೇಟ್ ಎತ್ತಿಯೇ ಬಿಡುತ್ತೇವೆ ಅಂತ ಹುಡುಗರು ಮುಂದೆ ನುಗ್ಗಿದರು. ನಾನು ಲಾಠಿಯನ್ನು ಬೈಕ್ ಮೇಲಿಟ್ಟು, ಅದೇ ಹಿರಿಯರನ್ನು ಕರೆದೆ. ಟಾರ್ಚ್ ಹಿಡಿದು ಇಬ್ಬರೂ ಕಾಲುವೆ ನೀರಿನ ಮಟ್ಟ ತೋರಿಸುವ ಗೇಜ್ ಹತ್ತಿರ ಹೋದೆವು. ನೀರು ಎಷ್ಟಿದೆ ಅಂತ ಅವರೇ ಓದಿ ಹೇಳಿದರು. ಹೊತ್ತು ಹಾಕಿ ನನ್ನ ಪುಸ್ತಕದಲ್ಲಿ ಬರೆದೆ, ಇಬ್ಬರು ಹುಡುಗರಿಂದ ಸಹಿ ಮಾಡಿಸಿದೆ. ಬೆಳಗಿನವರೆಗೆ ಮೂರು ತಾಸಿಗೊಮ್ಮೆ ಹೀಗೇ ಬರೆದೆವು. ಯಾರೂ ಗೇಟ್ ಮುಟ್ಟಲಿಲ್ಲ. ಮರುದಿನ ಆ ಲೆಕ್ಕ ಹಿಡಿದುಕೊಂಡೇ ಎಂಜಿನಿಯರ್ ಹತ್ತಿರ ಹೋದರು. ನೀರು ಬಂತು, ಎರಡು ದಿನ ತಡವಾಗಿ. ಕೆಲವರ ಬೆಳೆ ಅಷ್ಟರಲ್ಲಿ ಒಣಗಿತ್ತು.

ಆಮೇಲೆ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ, ಕೇಸ್ ಇರಲಿ ಇಲ್ಲದಿರಲಿ. ಜೀಪ್ ಒಯ್ಯುತ್ತಿರಲಿಲ್ಲ. ಜೀಪ್ ನಿಂತ ಮನೆಯ ಬಗ್ಗೆ ಊರು ಒಂದು ತಿಂಗಳು ಮಾತಾಡುತ್ತದೆ, ಹೆಣ್ಣುಮಕ್ಕಳಿರುವ ಮನೆಯಾದರೆ ಇನ್ನೂ ಜಾಸ್ತಿ. ಯಾರಾದರೂ ಅರ್ಜಿ ಕೊಟ್ಟರೆ ಸ್ವೀಕೃತಿ ಕೊಡಿಸುತ್ತಿದ್ದೆ, ಕೇಸ್ ಆಗದಿದ್ದರೆ ಯಾಕಿಲ್ಲ ಅಂತ ಹಿಂಬರಹ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಸಿಗಬೇಕು ಅನ್ನುವುದೇ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಬಾಯಿಮಾತಿನ ಭರವಸೆಗಿಂತ ಕೈಯಲ್ಲಿರುವ ಕಾಗದವನ್ನೇ ಅವರು ನಂಬಿದರು, ನಂಬಬೇಕಾದದ್ದೂ ಹಾಗೇ ಅಲ್ವಾ?

ಆದರೆ ಎಲ್ಲವನ್ನೂ ಕಟ್ಟೆಗೆ ಬಿಡಲಿಲ್ಲ. ಊರಿನ ಒಂದು ಹೊಟೇಲಿನಲ್ಲಿ ದಲಿತ ಹುಡುಗರಿಗೆ ಚಹಾ ಬೇರೆ ಲೋಟದಲ್ಲಿ ಕೊಡುತ್ತಿದ್ದರು. ಕೇಳಿದ್ದಕ್ಕೆ ಒಬ್ಬನಿಗೆ ಹೊಡೆದರು. ಸಂಜೆ ಹಿರಿಯರು ಬಂದು, "ತಪ್ಪುಗಾಣಿಕಿ ಹಾಕಿ ಇಲ್ಲೇ ಮುಗಸ್ತೀವ್ರಿ, ನೀವು ನಮ್ಮ ಮನಿ ಮನಷ್ಯಾ ಅದೀರಿ" ಅಂದರು. ಆ ಮಾತು ಕೇಳಲು ನಾನು ಎರಡು ವರ್ಷ ಓಡಾಡಿದ್ದೆ. ಆದರೂ ಆಗುವುದಿಲ್ಲ ಅಂದೆ. ಬದುವಿನ ಜಗಳದಲ್ಲಿ ಇಬ್ಬರೂ ಕಟ್ಟೆ ಮೇಲೆ ಕೂರುತ್ತಾರೆ, ಈ ಹುಡುಗ ಅದನ್ನು ಹತ್ತುವಂತೆಯೇ ಇರಲಿಲ್ಲ. ಅವನನ್ನೂ ಅವನ ತಾಯಿಯನ್ನೂ ಠಾಣೆಗೆ ಕರೆದುಕೊಂಡು ಹೋದೆ. ದೌರ್ಜನ್ಯ ತಡೆ ಕಾಯ್ದೆಯಡಿ ಕೇಸ್ ಆಯಿತು, ಡಿವೈಎಸ್‌ಪಿ ಸಾಹೇಬರು ತನಿಖೆಗೆ ಬಂದರು.

ನಾಲ್ಕು ತಿಂಗಳು ಕಟ್ಟೆ ಮತ್ತೆ ಮೊದಲಿನಂತಾಯಿತು, ನಾನು ಹೋದರೆ ಮಾತು ನಿಲ್ಲುತ್ತಿತ್ತು. ಆದರೂ ಹೋಗುತ್ತಿದ್ದೆ. ಮುಂದಿನ ಹಂಗಾಮಿನಲ್ಲಿ ನೀರು ಕಡಿಮೆಯಾದಾಗ ಹಿರಿಯರೇ ಫೋನ್ ಮಾಡಿ ಗೇಜ್ ಬರೆಯಲು ಕರೆದರು. ಹೊಟೇಲಿನವರು ಮಾತ್ರ ನನಗೆ ವರ್ಗವಾಗುವವರೆಗೂ ಮಾತಾಡಲಿಲ್ಲ. ಆ ಹುಡುಗ ಈಗಲೂ ಕಾಲುವೆಗೆ ನೀರು ಬಂದ ದಿನ ಫೋನ್ ಮಾಡುತ್ತಾನೆ.